ಬೆಟ್ಟದ ಊರು, ಹೊಳೆಯ ಊರು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ತರಗತಿಯಲ್ಲಿ ವಿಸ್ತರಿಸಿ ಬರೆಯಿರಿ ಎಂದು ಅದೆಷ್ಟೋ ವರ್ಷ ಮಕ್ಕಳಿಗೆ ಹೇಳಿದ್ದೇನೆ. ಆ ಗಾದೆ ಊರುಗಳಿಗೂ ಒಪ್ಪುತ್ತದೆ. ದೂರದ ಊರಿಗೆ ಹೊರಟವರು ಕಿಟಕಿಯ ಪಕ್ಕದ ಆಸನಕ್ಕಾಗಿ ಹಟ ಹಿಡಿಯುತ್ತಾರೆ. ಹಾಸನದಿಂದ ಹೊಳೆನರಸೀಪುರಕ್ಕೆ ಹೊರಟವರಾದರೋ ಮೊಸಳೆ ಹೊಸಹಳ್ಳಿ ಬರುವಷ್ಟರಲ್ಲಿ ತೂಕಡಿಸುತ್ತಿರುತ್ತಾರೆ. ಅಲ್ಲಿಂದ ಕೂಗಳತೆಯಲ್ಲಿರುವ ಮೊಸಳೆಯಲ್ಲಿ ನಾಗೇಶ್ವರ ಮತ್ತು ಚನ್ನಕೇಶವರ ಅವಳಿ ಗುಡಿಗಳು ಹೊಯ್ಸಳರ ಕಾಲದಿಂದಲೂ ಅಣ್ಣತಮ್ಮಂದಿರಂತೆ ಪಕ್ಕಪಕ್ಕದಲ್ಲಿ ನಿಂತಿವೆ ಎಂಬುದು ಅವರಿಗೆ ನೆನಪಿಗೂ ಬರುವುದಿಲ್ಲ.

ಈ ಮಾತು ಬರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ಇಟಲಿಯ ಪ್ರವಾಸ ಮುಗಿಸಿ ಒಂದು ರಾಶಿ ಚಿತ್ರಗಳನ್ನು ವಾಟ್ಸಾಪಿನಲ್ಲಿ ಕಳುಹಿಸಿದ್ದಳು. ಗುಡ್ಡದ ನೆತ್ತಿಯ ಮೇಲೆ ಕಲ್ಲಿನ ಗೋಪುರಗಳನ್ನು ಹೊತ್ತು ನಿಂತ ಸಾನ್ ಜಿಮಿನ್ಯಾನೋ, ಕಡಲ ದಂಡೆಯ ಬಂಡೆಗೆ ಅಂಟಿಕೊಂಡಂತಿರುವ ಅಮಾಲ್ಫಿಯ ಹಳ್ಳಿಗಳು, ಉತ್ತರದ ಪರ್ವತಸೀಮೆಯ ಒಂದು ಸರೋವರ. ಕೊನೆಯಲ್ಲಿ ಒಂದು ಪ್ರಶ್ನೆ: "ಸರ್, ಅಲ್ಲಿ ಒಂದೊಂದು ಸಣ್ಣ ಊರಿಗೂ ಒಂದೊಂದು ಚರಿತ್ರೆ ಇದೆ. ನಮ್ಮ ಕಡೆ ಯಾಕೆ ಅಂಥ ಊರುಗಳಿಲ್ಲ?" ಅವಳು ಹುಟ್ಟಿ ಬೆಳೆದದ್ದು ಚನ್ನರಾಯಪಟ್ಟಣದಲ್ಲಿ. ಉತ್ತರವನ್ನು ಅವಳೊಬ್ಬಳಿಗೇ ಬರೆಯುವ ಬದಲು ಇಲ್ಲಿ ನಿಮ್ಮೆಲ್ಲರಿಗೂ ಬರೆಯುತ್ತಿದ್ದೇನೆ.

ಬೆಟ್ಟದ ಊರು ಬೇಕೆಂದರೆ ಅವಳ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳವಿದೆ. ಎರಡು ಬೆಟ್ಟಗಳ ನಡುವೆ ಒಂದು ಕೊಳ, ಆ ಕೊಳದ ಸುತ್ತ ಒಂದು ಊರು. ಬಿಳಿಯ ಕೊಳವೇ ಬೆಳಗೊಳವಾಯಿತೆಂದು ಹೇಳುತ್ತಾರೆ. ದೊಡ್ಡಬೆಟ್ಟದ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಹತ್ತಿದರೆ, ಗಂಗರ ಮಂತ್ರಿ ಚಾವುಂಡರಾಯನು ಸುಮಾರು 981ರಲ್ಲಿ ನಿಲ್ಲಿಸಿದ ಗೊಮ್ಮಟನ ದರ್ಶನವಾಗುತ್ತದೆ. ಎಲ್ಲರೂ ತಲೆಯೆತ್ತಿ ಆ ಮುಖವನ್ನು ನೋಡುತ್ತಾರೆ. ನಾನು ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅದರ ಜೊತೆಗೆ ಗುಳ್ಳಕಾಯಜ್ಜಿಯ ಪುಟ್ಟ ವಿಗ್ರಹವನ್ನೂ ತೋರಿಸುತ್ತಿದ್ದೆ. ಮಂತ್ರಿಯ ಕೊಡಗಟ್ಟಲೆ ಹಾಲು ಮೂರ್ತಿಯ ಪಾದ ಮುಟ್ಟದೆ ಹೋದಾಗ, ಮುದುಕಿಯ ಗುಳ್ಳಕಾಯಿಯಲ್ಲಿದ್ದ ಒಂದಿಷ್ಟು ಹಾಲು ಬೆಟ್ಟವನ್ನೆಲ್ಲ ತೋಯಿಸಿತೆಂಬುದು ಐತಿಹ್ಯ. ಚಿಕ್ಕಬೆಟ್ಟಕ್ಕೆ ಜನ ಕಡಿಮೆ. ಆದರೆ ಅಕ್ಷರ ಬಲ್ಲವನಿಗೆ ಅದೇ ದೊಡ್ಡದು. ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಮುನಿಗಳ, ಕಂತಿಯರ ಹೆಸರುಗಳನ್ನು ಸಾವಿರದ ಮುನ್ನೂರು, ನಾನ್ನೂರು ವರ್ಷಗಳ ಹಿಂದೆಯೇ ಅಲ್ಲಿಯ ಬಂಡೆಯ ಮೇಲೆ ಕೆತ್ತಿದ್ದಾರೆ. ರಾಜರಲ್ಲದವರ ಹೆಸರೂ ಕಲ್ಲಿನಲ್ಲಿ ಉಳಿಯಬಲ್ಲದೆಂಬುದನ್ನು ಮಕ್ಕಳು ಆ ಬೆಟ್ಟದ ಮೇಲೆ ಕಲಿಯುತ್ತಿದ್ದರು.

ಅದೇ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ. ದಂಡನಾಯಕ ಬೊಮ್ಮಣ್ಣನು 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ ಅಲ್ಲಿದೆ. ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಹಾಕಿದ್ದಾರೆ. ಹಾಸನದಿಂದ ಬೇಲೂರಿನ ಕಡೆಗೆ ಹೊರಟರೆ ದೊಡ್ಡಗದ್ದವಳ್ಳಿಯಿದೆ. ಸಾನ್ ಜಿಮಿನ್ಯಾನೋದ ಗೋಪುರಗಳನ್ನು ಕಟ್ಟಿಸಿದವರು ಕೇಸರಿಯ ವ್ಯಾಪಾರದಿಂದಲೂ ಯಾತ್ರಿಕರ ದಾರಿಯಿಂದಲೂ ಹಣ ಕಂಡ ಮನೆತನಗಳವರು. ಒಂದು ಕಾಲಕ್ಕೆ ಎಪ್ಪತ್ತಕ್ಕೂ ಹೆಚ್ಚಿದ್ದವಂತೆ, ಈಗ ಹದಿನಾಲ್ಕು ಉಳಿದಿವೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯನ್ನು ಕಟ್ಟಿಸಿದವರೂ ವ್ಯಾಪಾರಿ ದಂಪತಿಗಳೇ: ಕುಲ್ಲಹಣ ರಾಹುತ ಮತ್ತು ಅವನ ಹೆಂಡತಿ ಸಹಜಾದೇವಿ. ಅದು ವಿಷ್ಣುವರ್ಧನನ ಕಾಲ, ಸುಮಾರು 1113ನೆಯ ಇಸವಿ. ಅವರು ತಮ್ಮ ಮನೆಗೆ ಗೋಪುರ ಎಬ್ಬಿಸಲಿಲ್ಲ, ಕೆರೆಯ ಮಗ್ಗುಲಲ್ಲಿ ಊರಿಗೊಂದು ಗುಡಿ ಕಟ್ಟಿಸಿದರು. ಸಾನ್ ಜಿಮಿನ್ಯಾನೋ 1990ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು. ನಮ್ಮ ಬೇಲೂರು, ಹಳೇಬೀಡುಗಳು ಸೋಮನಾಥಪುರದೊಡನೆ 2023ರಲ್ಲಿ ಸೇರಿದವು. ದೊಡ್ಡಗದ್ದವಳ್ಳಿ, ನುಗ್ಗೇಹಳ್ಳಿ, ಮೊಸಳೆಗಳು ಆ ಪಟ್ಟಿಯಲ್ಲಿಲ್ಲ. 2020ರ ನವೆಂಬರಿನಲ್ಲಿ ದೊಡ್ಡಗದ್ದವಳ್ಳಿಯ ಕಾಳಿಯ ವಿಗ್ರಹ ಒಡೆದು ತುಂಡಾಗಿ ಬಿದ್ದಿದೆಯೆಂಬ ಸುದ್ದಿ ಬಂದಾಗ, ಆ ಊರಿನ ಹೆಸರನ್ನು ಅಂದೇ ಮೊದಲು ಕೇಳಿದವರು ನಮ್ಮ ಹಾಸನದಲ್ಲಿಯೇ ಇದ್ದರು.

ಇನ್ನು ಕಡಲು. ಅದು ನಮಗಿಲ್ಲ. ಆದರೆ ಹೇಮಾವತಿ, ಕಾವೇರಿಯರಿಬ್ಬರೂ ನಮ್ಮ ಜಿಲ್ಲೆಯಲ್ಲಿ ಹರಿಯುತ್ತಾರೆ. ಹೊಳೆನರಸೀಪುರದ ಹೆಸರಿನಲ್ಲಿಯೇ ಹೊಳೆಯಿದೆ, ನರಸಿಂಹನಿದ್ದಾನೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ ಯಾತ್ರಿಕರು ಪುರಿ ಹಾಕುತ್ತಾರೆ. ಅವು ದೇವರ ಮೀನುಗಳು, ಯಾರೂ ಹಿಡಿಯುವುದಿಲ್ಲ. ಷಷ್ಠಿಯ ಕಾಲಕ್ಕೆ ಸುಬ್ರಹ್ಮಣ್ಯನ ತೇರು, ದನಗಳ ಜಾತ್ರೆ. ಹೇಮಾವತಿಯ ದಂಡೆಯ ಗೊರೂರು ಒಬ್ಬ ರಾಮಸ್ವಾಮಿ ಅಯ್ಯಂಗಾರರನ್ನು ಕೊಟ್ಟಿತು. ಅವರು ತಮ್ಮ ಊರಿನ ಹೊಳೆ, ಸಂತೆ, ಮೋಟಾರು ಬಸ್ಸುಗಳ ವಿಷಯವನ್ನು ಮನಸಾರೆ ಬರೆದು, ಆಮೇಲೆ ವೃದ್ಧಾಪ್ಯದಲ್ಲಿ ಅಮೆರಿಕೆಗೆ ಹೋಗಿಬಂದರು. ಆ ಪ್ರವಾಸದ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮೊದಲು ಊರು, ಆಮೇಲೆ ಲೋಕ. ಆ ಕ್ರಮ ನನಗೆ ಮೆಚ್ಚುಗೆ.

ಅದೇ ಗೊರೂರಿನ ಬಳಿ 1979ರಲ್ಲಿ ಹೇಮಾವತಿಯ ಅಣೆಕಟ್ಟು ಮುಗಿಯಿತು. ಹಲವು ಹಳ್ಳಿಗಳು ಹಿನ್ನೀರಿನ ಕೆಳಗೆ ಸೇರಿದವು. ಫ್ರೆಂಚ್ ಪಾದ್ರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚು ಮಾತ್ರ ಮಳೆಗಾಲದಲ್ಲಿ ಅರೆ ಮುಳುಗಿ, ಬೇಸಿಗೆಯಲ್ಲಿ ಮೇಲೆದ್ದು ನಿಲ್ಲುತ್ತಾ ಬಂದಿದೆ. ಚಾವಣಿ ಎಂದೋ ಹೋಗಿದೆ. ಗೋಡೆಗಳು ವರ್ಷವರ್ಷವೂ ಸವೆಯುತ್ತಿವೆ.

ವಿದ್ಯಾರ್ಥಿನಿ ಕಳುಹಿಸಿದ ಸರೋವರದ ಚಿತ್ರ ನೋಡಿದಾಗ ನನಗೆ ನೆನಪಾದದ್ದು ಈ ಶೆಟ್ಟಿಹಳ್ಳಿಯೇ. ಇಟಲಿಯ ರೆಶೆನ್ ಸರೋವರದ ನಡುವೆ ಹದಿನಾಲ್ಕನೆಯ ಶತಮಾನದ ಗಂಟೆಗೋಪುರವೊಂದು ನೀರಿನಿಂದ ತಲೆಯೆತ್ತಿ ನಿಂತಿದೆ. ವಿದ್ಯುತ್ತಿಗಾಗಿ ಅಣೆ ಕಟ್ಟಿ 1950ರಲ್ಲಿ ಕುರೋನ್ ಎಂಬ ಹಳ್ಳಿಯನ್ನು ಮುಳುಗಿಸಿದಾಗ ಉಳಿದದ್ದು ಆ ಗೋಪುರವೊಂದೇ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿದಾಗ ಜನ ನಡೆದುಹೋಗಿ ಅದನ್ನು ಮುಟ್ಟಿ ಬರುತ್ತಾರೆ. ದುರಸ್ತಿಗೆಂದು 2021ರಲ್ಲಿ ನೀರು ಇಳಿಸಿದಾಗ ಹಳೆಯ ಮೆಟ್ಟಿಲು, ಗೋಡೆಗಳು ಕಾಣಿಸಿಕೊಂಡ ಸುದ್ದಿ ಲೋಕಕ್ಕೆಲ್ಲ ಹಬ್ಬಿತು. ಅವರ ಊರು ಮುಳುಗಿದ ಕಥೆಯೂ ನಮ್ಮದೇ ಕಥೆ.

ನಾನು ಅರಕಲಗೂಡು ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ದಿನಗಳು, 1986ರ ಸುಮಾರು. ಎಂಟನೆಯ ತರಗತಿಯವರಿಗೆ ತಂತಮ್ಮ ಊರಿನ ನಕ್ಷೆ ಬರೆದು ತರಲು ಹೇಳಿದ್ದೆ. ಒಬ್ಬ ಹುಡುಗ ಎದ್ದು ನಿಂತು, "ನಮ್ಮೂರು ನೀರಾಗೈತೆ ಸಾ, ಯಾವ್ದು ಬರೀಲಿ?" ಎಂದ. ತರಗತಿ ನಕ್ಕಿತು, ಅವನು ನಗಲಿಲ್ಲ. ಅಜ್ಜಿಯನ್ನು ಕೇಳಿ ಆ ಊರನ್ನೇ ಬರೆ ಎಂದೆ. ಮರುವಾರ ಅವನು ತಂದ ಹಾಳೆಯಲ್ಲಿ ಸೇದುವ ಬಾವಿ, ಮಾರಮ್ಮನ ಗುಡಿ, ಕಣ, ಮೂರು ಹುಣಸೆಮರ, ಅಜ್ಜಿಯ ತವರಿಗೆ ಹೋಗುವ ಗಾಡಿಜಾಡು ಎಲ್ಲ ಇದ್ದವು. ಅದೇ ಊರಿನಿಂದ ಎದ್ದು ಬಂದಿದ್ದ ಇನ್ನಿಬ್ಬರು ಮಕ್ಕಳು ಅಶ್ವತ್ಥಕಟ್ಟೆ ಗುಡಿಯ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಜಗಳ ತೆಗೆದರು. ಜಗಳ ಅವರ ಮನೆಗಳಿಗೂ ಹೋಯಿತು. ಪುನರ್ವಸತಿಯ ಹೊಸ ಊರಿನಲ್ಲಿ ಹಿರಿಯರು ಎರಡು ದಿನ ಕುಳಿತು ಹಳೆಯ ಊರನ್ನು ಬಾಯಲ್ಲಿಯೇ ಮತ್ತೊಮ್ಮೆ ಕಟ್ಟಿದರಂತೆ.

ಅಣೆಕಟ್ಟನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಹಾಸನ, ತುಮಕೂರು, ಮಂಡ್ಯದ ನೆಲಕ್ಕೆ ಹೋದ ನೀರು ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿಸಿದೆ. ನಿಮ್ಮಲ್ಲಿ ಹಲವರು ಓದಿದ್ದೇ ಆ ನೀರಿನ ಫಸಲಿನಿಂದ. ಆದರೆ ಊರು ಬಿಟ್ಟುಕೊಟ್ಟವರ ನೆನಪನ್ನಾದರೂ ಉಳಿಸಿಕೊಡುವುದು ನೀರು ಪಡೆದವರ ಕರ್ತವ್ಯ. ಬೆಳಗೊಳದ ಬಂಡೆ ಅನಾಮಧೇಯ ಕಂತಿಯರ ಹೆಸರನ್ನು ಕಾಪಾಡಿತು, ನುಗ್ಗೇಹಳ್ಳಿಯ ಕಲ್ಲು ಮಲ್ಲಿತಮ್ಮನನ್ನು ಕಾಪಾಡಿತು. ಹಿನ್ನೀರಿನ ಹಳ್ಳಿಗಳಿಗೆ ಅಂಥ ಕಲ್ಲಿಲ್ಲ. ಇರುವುದು ಕೆಲವು ಮುದುಕರ ನಾಲಿಗೆ. ಅದೂ ಬರಬರುತ್ತ ಕಡಿಮೆಯಾಗುತ್ತಿದೆ.

ಆದ್ದರಿಂದ, ಮಗೂ, ನಿನ್ನ ಪ್ರಶ್ನೆಗೆ ನನ್ನ ಉತ್ತರವಿಷ್ಟು. ನಮ್ಮಲ್ಲಿಯೂ ಅಂಥ ಊರುಗಳಿವೆ, ನಾವು ಅವುಗಳನ್ನು ಕೇಳಿಲ್ಲ. ಇಟಲಿಗೆ ಹೋಗಿಬಂದದ್ದು ಒಳ್ಳೆಯದೇ ಆಯಿತು, ಹೋಲಿಸಿ ನೋಡುವ ಕಣ್ಣು ಬಂತು. ಈ ಬೇಸಿಗೆಯಲ್ಲಿ ಊರಿಗೆ ಬಂದಾಗ ಮಕ್ಕಳನ್ನು ನುಗ್ಗೇಹಳ್ಳಿಗೂ ಶೆಟ್ಟಿಹಳ್ಳಿಗೂ ಕರೆದುಕೊಂಡು ಹೋಗು. ಗೋಡೆಯ ಹತ್ತಿರ ಹೋಗದೆ ದೂರದಿಂದಲೇ ತೋರಿಸು, ಅದು ಶಿಥಿಲವಾಗಿದೆ. ಉಳಿದವರಲ್ಲಿ ಯಾರ ಮನೆಯಲ್ಲಿ ಮುಳುಗಡೆಯ ಊರಿನ ಹಿರಿಯರಿದ್ದಾರೋ ಅವರು ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕುಳಿತುಕೊಳ್ಳಿ. ಬಾವಿ ಎಲ್ಲಿತ್ತು, ಹೊಲಗಳನ್ನು ಏನೆಂದು ಕರೆಯುತ್ತಿದ್ದರು, ಹೊಳೆ ದಾಟುತ್ತಿದ್ದದ್ದು ಎಲ್ಲಿ ಎಂದು ಕೇಳಿ ಗುರುತು ಹಾಕಿ. ನಕ್ಷೆ ವಕ್ರವಾದರೂ ಚಿಂತೆಯಿಲ್ಲ, ಅಂಕ ಕಳೆಯುವುದಿಲ್ಲ. ಒಂದು ಪ್ರತಿಯನ್ನು ನನಗೆ ಕಳುಹಿಸಿ. ಬಂದವನ್ನೆಲ್ಲ ಊರಿನ ಹೆಸರಿನ ಅಕಾರಾದಿಯಲ್ಲಿ ಜೋಡಿಸಿಡುವ ಕೆಲಸ ನನ್ನದು.