ಸೀಟಿ ಊದುವವನ ಸಂಕಟ

ಜೇಮ್ಸ್ ನೈಸ್ಮಿತ್ ಮಹಾಶಯರು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ, ಬ್ಯಾಸ್ಕೆಟ್‌ಬಾಲ್ ಆಟಕ್ಕೆ 13 ನಿಯಮಗಳನ್ನು ರಚಿಸಿದಾಗ ಇಬ್ಬರು ತೀರ್ಪುಗಾರರನ್ನು ವಿಧಿಸಿದರು. ಒಬ್ಬನು ಚೆಂಡಿಗೆ ನ್ಯಾಯಾಧಿಪತಿ, ಇನ್ನೊಬ್ಬನು ಆಟಗಾರರಿಗೆ. ಚೆಂಡಿನ ನ್ಯಾಯ ಸುಲಭ. ಗೆರೆಯ ಒಳಗೋ ಹೊರಗೋ, ಕಂಡದ್ದನ್ನು ಹೇಳಿದರಾಯಿತು. ಆಟಗಾರರ ನ್ಯಾಯವೇ ತೊಡಕಿನದು. ಹತ್ತು ಮಂದಿ ಒಂದು ಅಂಕಣದಲ್ಲಿ ಓಡುವಾಗ ಮೈಗೆ ಮೈ ತಾಗದಿರುವುದುಂಟೆ? ತಾಗಿದ್ದಕ್ಕೆಲ್ಲ ಸೀಟಿ ಊದಿದರೆ ಸೀಟಿ ಕೇಳೀತು, ಆಟ ಕಾಣದು.

ವಿವೇಕವನ್ನು ಬಳಸಲಿ ಎನ್ನುವರು. ಬಳಸಿದನೆನ್ನೋಣ. ಮೊದಲ ಭಾಗದಲ್ಲಿ ಒಬ್ಬ ಹುಡುಗನ ಕೈ ಎದುರಾಳಿಯ ಮಣಿಕಟ್ಟನ್ನು ಸವರಿತು, ಆದರೂ ಚೆಂಡು ಬುಟ್ಟಿಗೆ ಬಿದ್ದಿತು, ತೀರ್ಪುಗಾರನು ಸುಮ್ಮನಿದ್ದನು. ಕೊನೆಯ ನಿಮಿಷದಲ್ಲಿ, ಒಂದೇ ಅಂಕದ ಅಂತರವಿರುವಾಗ, ಅದೇ ಹುಡುಗನ ಕೈ ಹಾಗೆಯೇ ಸವರಿತು. ಈ ಸಲ ಚೆಂಡು ಗುರಿ ತಪ್ಪಿತು, ಸೀಟಿ ಕೂಗಿತು. “ಆಗ ಬಿಟ್ಟದ್ದು ಈಗ ತಪ್ಪಾಯಿತೇ ಸ್ವಾಮಿ?” ಎಂದು ಅವನು ಕಣ್ಣೀರು ತಂದು ಕೇಳಿದರೆ ಏನೆನ್ನಬೇಕು? ತಾಗಿದ್ದು ಒಂದೇ ಬಗೆ, ಅದರಿಂದಾದ ಹಾನಿ ಒಂದೇ ಅಲ್ಲ ಎಂಬುದು ಸರಿಯಾದ ಉತ್ತರವೇ. ಸೋಲುವವನ ಕಿವಿಗೆ ಮಾತ್ರ ಅದು ನುಣುಚಿಕೊಳ್ಳುವ ಮಾತು. ಕಠಿಣನಾದ ತೀರ್ಪುಗಾರನಿಗೆ ಆಟಗಾರರು ಹೊಂದಿಕೊಂಡಾರು. ಗಳಿಗೆಗೊಂದು ಬಗೆಯವನಿಗೆ ಹೊಂದಿಕೊಳ್ಳಲಾರರು.

ಅಂತರರಾಷ್ಟ್ರೀಯ ಸಂಸ್ಥೆಯಾದ ಫೀಬಾದ ನಿಯಮಾವಳಿಯಾದರೋ ಸಾಮಾನ್ಯ ವಿವೇಕವನ್ನೇ ಏಕರೀತಿಯಾಗಿ ಬಳಸಬೇಕೆಂದು ವಿಧಿಸುತ್ತದೆ. ನೀರನ್ನು ಗಂಟುಕಟ್ಟಲು ಹೇಳಿದಂತಾಯಿತೆಂದು ನಗುವವರುಂಟು. ನಗಬೇಕಾದುದಿಲ್ಲ. ತನ್ನ ತಂಡದ ವಶದಲ್ಲಿ ಚೆಂಡಿರುವಾಗ ಎದುರಾಳಿಯ ಬುಟ್ಟಿಯ ಮುಂದಣ ನಿರ್ಬಂಧಿತ ಸ್ಥಳದಲ್ಲಿ ಯಾರೂ 3 ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಹೊರಡಲು ಯತ್ನಿಸುತ್ತಿರುವವನಿಗೆ ವಿನಾಯಿತಿ ಉಂಟು. ಆ ವಿನಾಯಿತಿಯೂ ಪುಸ್ತಕದ್ದೇ. ಒಬ್ಬನಿಗೆ ಕೊಟ್ಟದ್ದನ್ನು ಇನ್ನೊಬ್ಬನಿಗೂ ಕೊಟ್ಟರೆ ವಿವೇಕವೂ ನಿಯಮವೂ ಜಗಳವಾಡುವುದಿಲ್ಲ.

ಅಂಕಣದ ಹೊರಗಿನಿಂದ ಬಂದ ವಿವೇಕದ ಪಾಡು ಬೇರೆ. 1972ರ ಮ್ಯೂನಿಕ್ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಅಮೆರಿಕವು 50–49ರಿಂದ ಮುಂದಿತ್ತು. ಕೇಳಿದ ವಿರಾಮ ದೊರೆಯಲಿಲ್ಲವೆಂದು ಸೋವಿಯತ್ ತಂಡದವರು ದೂರಿದರು. ಫೀಬಾದ ಕಾರ್ಯದರ್ಶಿ ವಿಲಿಯಂ ಜೋನ್ಸ್ ತಾವೇ ಇಳಿದುಬಂದು ಗಡಿಯಾರವನ್ನು 3 ಸೆಕೆಂಡಿಗೆ ಹಿಂದಿರುಗಿಸಬೇಕೆಂದರು. ದೂರಿನಲ್ಲಿ ಹುರುಳಿದ್ದಿರಬಹುದು, ಆಜ್ಞಾಪಿಸುವ ಅಧಿಕಾರ ಮಾತ್ರ ಅವರಿಗಿರಲಿಲ್ಲ. ಮರಳಿ ಆಡಿದ ಆ ಸೆಕೆಂಡುಗಳಲ್ಲಿ ಅಲೆಕ್ಸಾಂಡರ್ ಬೆಲೋವ್ ಚೆಂಡನ್ನು ಬುಟ್ಟಿಗೆ ಹಾಕಿದನು, 51–50. ಅಮೆರಿಕದ ಆಟಗಾರರು ಬೆಳ್ಳಿಯ ಪದಕಗಳನ್ನು ಸ್ವೀಕರಿಸದೆಯೇ ಊರಿಗೆ ಮರಳಿದರು.