ಜಾತಿ ನಾಯಿ

ಬೀದೀಲಿ ಹುಟ್ಟಿದ್ದು ಕಂತ್ರಿ ನಾಯಿ, ದುಡ್ಡು ಕೊಟ್ಟು ತಂದದ್ದು ಜಾತಿ ನಾಯಿ. ನಮ್ಮ ಭಾಷೆ ನಾಯಿಗೂ ಜಾತಿ ಕಟ್ಟಿದೆ. ಮನುಷ್ಯರನ್ನು ಕೇಳೋಕೆ ಈಗೀಗ ಕೊಂಚ ನಾಚುವ ಜನ ನಾಯಿ ವಿಷಯಕ್ಕೆ ಬಂದರೆ ನಡುಬೀದೀಲಿ ನಿಂತು ಬಾಯ್ತುಂಬ ಕೇಳ್ತಾರೆ: 'ಯಾವ ಜಾತಿ ಸಾರ್? ಒರಿಜಿನಲ್ಲಾ?' ನಮ್ಮ ಮನೆಗೆ ಬಂದ ಹೆಣ್ಣು ಪಗ್ ನಾಯಿಯನ್ನು ನೋಡಿದವರೆಲ್ಲ ಹೀಗೇ ಕೇಳಿದರು. ಒರಿಜಿನಲ್ಲೇ ಕಣ್ರಪ್ಪ. ಒರಿಜಿನಲ್ ಆಗಿದ್ದಕ್ಕೇ ಅದಕ್ಕೆ ಆ ಗತಿ ಬಂತು.

ಪಗ್ ನಮ್ಮ ದೇಶದಲ್ಲಿ ಮನೆಮಾತಾದದ್ದು 2003ರ ಹಚ್ ಮೊಬೈಲ್ ಜಾಹೀರಾತಿನಿಂದ. ಒಬ್ಬ ಹುಡುಗ, ಅವನು ಹೋದಲ್ಲೆಲ್ಲ ಹಿಂದೆ ಬರುವ ಚಪ್ಪಟೆ ಮೂತಿಯ ನಾಯಿ, ಅಷ್ಟೆ. ಅಂಥದೇ ಮರಿ ಬೇಕು ಅಂತ ಪಟ್ಟಣದ ಮಕ್ಕಳು ಹಟ ಹಿಡಿದವು. ಮರಿ ಬೇಕಾದರೆ ತಾಯಿ ಬೇಕಲ್ಲ? ಆ ತಾಯಿಯನ್ನು ಯಾರೂ ಜಾಹೀರಾತಿನಲ್ಲಿ ತೋರಿಸಲಿಲ್ಲ. ಅಂಗಡಿಯ ಗಾಜಿನ ಹಿಂದೆ ಮರಿ ಕುಣೀತಿದ್ದರೆ ತಾಯಿ ಊರಾಚೆ ಯಾವುದೋ ಶೀಟಿನ ಶೆಡ್ಡಲ್ಲಿ, ತಂತಿ ಪಂಜರದೊಳಗೆ ಬಿದ್ದಿರ್ತದೆ. ನಾಯಿಯ ಬಸಿರು ಸುಮಾರು 63 ದಿನ. ಹಡೆದು ಮರಿ ಮಾರಿ ಆದಮೇಲೆ ಮತ್ತೆ ಬೆದೆ ಬಂತೋ, ಮತ್ತೆ ಗಂಡು ಬಿಡ್ತಾರೆ. ಹಡೆಯೋದು ನಿಂತ ದಿನ ಅದಕ್ಕೆ ಅನ್ನ ಹಾಕೋದೂ ದಂಡ.

ಅಮೆರಿಕದಲ್ಲಿ ಇಂಥ ಶೆಡ್ಡಿಗೆ ನಾಯಿಮರಿ ಮಿಲ್ಲು ಅಂತಲೇ ಹೆಸರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಹಳ್ಳಿಗಾಡಿನ ಕೋಳಿಗೂಡುಗಳು ನಾಯಿಗೂಡುಗಳಾದವು. ನಮ್ಮಲ್ಲಿ 2017ರಲ್ಲಿ ನಾಯಿ ತಳಿ ಸಾಕುವವರಿಗೆ ನಿಯಮ ಬಂತು. ರಾಜ್ಯದ ಮಂಡಳಿಯಲ್ಲಿ ನೋಂದಣಿ ಆಗಬೇಕು, 8 ವಾರ ತುಂಬದ ಮರಿ ಮಾರಬಾರದು, ಒಂದು ಹೆಣ್ಣು ಜೀವಮಾನದಲ್ಲಿ 5 ಸೂಲು ದಾಟಬಾರದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಇದಕ್ಕೆಲ್ಲ ತಾಯಿಬೇರಾದ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಮೊದಲ ಸಲ ಸಿಕ್ಕಿಬಿದ್ದವನಿಗೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ. ಮರಿಗೆ ಸಾವಿರಗಟ್ಟಲೆ ಎಣಿಸಿಕೊಳ್ಳೋ ದಣಿಗೆ ಅದು ಬೀಡಾ ಕಾಸು.

ಅದನ್ನು ತರೋಕೆ ನಾವೇ ಹೋಗಿದ್ದೆವು. ಪ್ರಾಣಿ ದಯೆಯವರು ಪೊಲೀಸರನ್ನು ಕರಕೊಂಡು ಹೋಗಿ ಶೆಡ್ಡಿನ ಬೀಗ ತೆಗೆಸಿದ್ದರು. ಅಷ್ಟು ನಾಯಿ ಇಡೋಕೆ ಅವರಲ್ಲಿ ಜಾಗ ಇರಲಿಲ್ಲ. ಭಾನುವಾರಗಳಲ್ಲಿ ಅಲ್ಲಿ ಕೈಲಾದ ಕೆಲಸ ಮಾಡುವ ನಮ್ಮ ಹುಡುಗಿ ಒಂದನ್ನು ತರೋಣ ಅಂದಳು. ಶೆಡ್ಡಿನ ವಾಸನೆ ಬರೆಯೋಲ್ಲ. ಮೂಲೆಯಲ್ಲಿ ಒಂದು ಚಾಪೆ, ಒಂದು ಸ್ಟೌ, ಹಗ್ಗದ ಮೇಲೆ ಎರಡು ಅಂಗಿ. ಪಂಜರ ತೊಳೆಯೋ ಹುಡುಗ ಆ ನಾಯಿಗಳ ನಡುವೆಯೇ ಮಲಗ್ತಿದ್ದ. ಆರು ತಿಂಗಳ ಸಂಬಳ ಬಾಕಿ, ಮಾಲೀಕ ನಾಪತ್ತೆ. ನಾಯಿಗಳನ್ನು ಬಿಡಿಸೋಕೆ ವ್ಯಾನು ಬಂದಿತ್ತು, ಅವನನ್ನು ಕರಕೊಂಡು ಹೋಗೋಕೆ ಯಾರೂ ಬಂದಿರಲಿಲ್ಲ. ನಮ್ಮ ಗೆಳೆಯರು ಅವನ ಬಾಕಿಗೆ ಅರ್ಜಿ ಬರೆದುಕೊಟ್ಟರು, ಅದು ಇನ್ನೂ ನಡೀತಿದೆ. 'ಇದ್ಕೆ ಮೂರು ಸಲ ಹೊಟ್ಟೆ ಕುಯ್ದು ಮರಿ ತೆಗೆದವ್ರೆ, ನೀರಿನ ಪೈಪು ಕಂಡ್ರೆ ನಡುಗ್ತದೆ' ಅಂತ ಹೇಳಿದವನು ಅವನೇ. ಬೇರೆ ಯಾವ ದಾಖಲೆಯೂ ಆ ನಾಯಿಗೆ ಇರಲಿಲ್ಲ. ಹೆಸರೂ ಇರಲಿಲ್ಲ.

ನಮ್ಮ ಅವ್ವ ಒಂದು ಕಾಲಕ್ಕೆ ಕೇರಿಗೆಲ್ಲ ಸೂಲಗಿತ್ತಿ. ನಾಯಿಯನ್ನು ಮಡಿಲಿಗೆ ಹಾಕ್ಕೊಂಡು ಹೊಟ್ಟೆ ಸವರಿದವಳು ಹೊಲಿಗೆ ಗಾಯದ ಮೇಲೆ ಬೆರಳು ನಿಲ್ಲಿಸಿದಳು. ಪಗ್ ಮರಿಯ ತಲೆ ದಪ್ಪ, ತಾಯಿಯ ಸೊಂಟ ಕಿರಿದು. ಹೆರಿಗೆ ಎಷ್ಟೋ ಸಲ ಚಾಕುವಿನದೇ. 'ಹೆರೋಕಾಗದ ಜೀವಾನ ಹೆರ್ಸೋಕಂತ್ಲೇ ಸಾಕೋರ್ನ ನಾನು ನೋಡಿರ್ಲಿಲ್ಲ ಕಣ್ರೋ' ಅಂದಳು. ಆಮೇಲೆ ಅದಕ್ಕೆ ಗಿಡ್ಡಿ ಅಂತ ಹೆಸರಿಟ್ಟಳು.

ಗಿಡ್ಡಿಗೆ ಮನೆ ಅಂದರೆ ಏನೂಂತ ಗೊತ್ತಿರಲಿಲ್ಲ. ತಂತಿಯ ಮೇಲೇ ನಿಂತು ನಿಂತು ಬೆರಳು ಅಗಲವಾಗಿ, ಉಗುರು ಕೊಕ್ಕೆಯಂತೆ ಬೆಳೆದಿದ್ದವು. ನಮ್ಮ ಕೆಂಪು ಗಾರೆ ನೆಲದ ಮೇಲೆ ಇಳಿಸಿದರೆ ನೀರಿಗೆ ಇಳಿಸಿದಂತೆ ಒದ್ದಾಡಿತು. ಹೊಸ್ತಿಲು ಅದಕ್ಕೆ ಬೆಟ್ಟ. ನಾಲ್ಕು ದಿನ ಮಂಚದ ಕೆಳಗೆ ಗೋಡೆಗೆ ಮೂತಿ ಒತ್ತಿಕೊಂಡು ಕೂತಿತ್ತು. ಬೊಗಳಲಿಲ್ಲ, ಕುಂಯ್ ಅನ್ನಲಿಲ್ಲ, ಕಚ್ಚಲೂ ಇಲ್ಲ. ಅಮೆರಿಕದಲ್ಲಿ ಇಂಥ ಮಿಲ್ಲುಗಳಿಂದ ಹೊರಬಂದ 1169 ನಾಯಿಗಳನ್ನು ಮನೆನಾಯಿಗಳ ಜೊತೆ ಹೋಲಿಸಿ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಇವಕ್ಕೆ ಹೆದರಿಕೆ ಹೆಚ್ಚು, ಮನೆಯೊಳಗೆ ಗಲೀಜು ಮಾಡೋದು ಹೆಚ್ಚು, ಕಲಿಯೋದು ನಿಧಾನ. ಅಪರಿಚಿತರ ಮೇಲೆ ಎರಗುವ ಸಿಟ್ಟು ಮಾತ್ರ ಮನೆನಾಯಿಗಳಿಗಿಂತ ಕಡಿಮೆ ಎಂದು ಅದು ಹೇಳುತ್ತೆ. ನಮ್ಮನ್ನು ಬಹಳ ದಿನ ಕಾಡಿದ್ದು ಈ ಕೊನೆಯ ಮಾತೇ.

ನಾವು ಮಾಡಿದ್ದು ದೊಡ್ಡದೇನಲ್ಲ. ಮಂಚದ ಕೆಳಗೇ ಒಂದು ರಟ್ಟಿನ ಪೆಟ್ಟಿಗೆ ಇಟ್ಟು ಹಳೇ ಕಂಬಳಿ ಹಾಸಿ, ಅದು ನಿನ್ನ ಜಾಗ ಅಂತ ಬಿಟ್ಟುಬಿಟ್ಟೆವು. ಅದರೊಳಗೆ ಯಾರೂ ಕೈ ಹಾಕಕೂಡದು ಅಂತ ಮನೇಲಿ ಕಾನೂನು. ದಿನಾ ಸಂಜೆ ಸರದಿ ಮೇಲೆ ಒಬ್ಬೊಬ್ಬರು ನೆಲದ ಮೇಲೆ ಅದಕ್ಕೆ ಬೆನ್ನು ಕೊಟ್ಟು ಕೂತು ಪೇಪರನ್ನು ಗಟ್ಟಿಯಾಗಿ ಓದಿದೆವು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಹೆದರಿದ ನಾಯಿಗೆ ಅದು ಬೆದರಿಕೆ. ತಲೆ ಮೇಲಿಂದ ಬರೋ ಕೈ ಹಿಡಿಯೋಕೆ ಬರೋ ಕೈ. ಅದಕ್ಕೇ ಅಂಗೈ ನೆಲದ ಮೇಲಿಟ್ಟು, ಅದರಲ್ಲಿ ಬೇಯಿಸಿದ ಕೋಳಿಚೂರು ಇಟ್ಟು ಸುಮ್ಮನಿರೋದು. ಹನ್ನೊಂದನೇ ದಿನ ಅಂಗೈ ತೇವ ಆಯ್ತು. ಹುಡುಗಿ ಅಲ್ಲಾಡಲಿಲ್ಲ, ಕಣ್ಣೀರು ಒರೆಸ್ಕೊಳ್ಳೋಕೂ ಕೈ ಎತ್ತಲಿಲ್ಲ.

ನೆಲಕ್ಕೆ ಗೋಣಿಚೀಲ ಹಾಸಿದೆವು, ಪೆಟ್ಟಿಗೆಯಿಂದ ಬಾಗಿಲವರೆಗೆ ಒಂದು ದಾರಿ. ಕಾಲು ಕೂತಂತೆಲ್ಲ ವಾರಕ್ಕೊಂದು ಚೀಲ ತೆಗೆಯೋದು. ಗಲೀಜಿನದೇ ಕಷ್ಟ. ಕಣ್ಣುಬಿಟ್ಟು ನಡೆಯೋಕೆ ಕಲಿತ ಮರಿ ತಾನಾಗೇ ಮಲಗೋ ಜಾಗ ಬಿಟ್ಟು ಆಚೆ ಹೋಗುತ್ತೆ, ಯಾರೂ ಕಲಿಸಬೇಕಿಲ್ಲ. ಪಂಜರ ಆ ಬುದ್ಧಿಯನ್ನೇ ಒರೆಸಿಹಾಕಿತ್ತು. ಎದ್ದ ಕೂಡಲೆ, ಉಂಡ ಕೂಡಲೆ, ನಡುವೆ ಎರಡೆರಡು ಗಂಟೆಗೆ ಎತ್ತಿಕೊಂಡು ಹೋಗಿ ಹೊಂಗೆ ಮರದ ಬುಡದ ಮಣ್ಣಲ್ಲಿ ಬಿಡೋದು. ಆದರೆ ಒಂದು ಚೂರು ಮೊಟ್ಟೆ. ಆಗದಿದ್ದರೆ ಏನೂ ಇಲ್ಲ. ಒಳಗೆ ಮಾಡಿದರೆ ಬೈಯದೆ ಒರೆಸೋದು. ಪೈಪು, ಪೊರಕೆ ಅದರ ಕಣ್ಣಿಗೆ ಬೀಳದಂತೆ ಇಟ್ಟಿದ್ದೆವು. ಬೀದಿಗೆ ಹೊರಟರೆ ಕುತ್ತಿಗೆಗೆ ಹಗ್ಗ ಇಲ್ಲ, ಮೊದಲೇ ಉಸಿರು ಕಟ್ಟೋ ಜಾತಿ; ಎದೆಗೆ ಪಟ್ಟಿ, ಅದಕ್ಕೆ ಎರಡು ಹಗ್ಗ. ಬೆದರಿ ಓಡಿತೋ, ಕರೆದರೆ ಬರೋ ನಾಯಿ ಅಲ್ಲ ಅದು, ಕರೆಯೋದು ಅಂದರೇನೇ ಅದಕ್ಕೆ ಗೊತ್ತಿಲ್ಲ.

ಇಷ್ಟೆಲ್ಲ ನಾವು ಮಾಡಿದೆವು ಅನ್ನೋದು ಪೂರ್ತಿ ನಿಜವಲ್ಲ. ಅರ್ಧ ಮಾಡಿದ್ದು ಕರಿಯ. ಕರಿಯ ನಮ್ಮ ಬೀದಿಯ ಕಂತ್ರಿ, ಒಂದು ಕಿವಿ ತುದಿ ಕತ್ತರಿಸಿದೆ, ಬೀಜ ಒಡೆದ ಗುರುತು. ಜಗಲಿ ಮೇಲೆ ಮಲಗ್ತಾನೆ. ಮೊದಲ ಸಲ ಹೊಸ್ತಿಲಾಚೆ ಗಿಡ್ಡಿ ನಡುಗ್ತಾ ನಿಂತಾಗ ಅವನು ಬಂದು ಮೂಸಿ, ಎರಡು ಮಾರು ದೂರ ಹೋಗಿ ಹೊಂಗೆ ಬುಡದಲ್ಲಿ ಕಾಲೆತ್ತಿ, ಹಿಂತಿರುಗಿ ನೋಡಿದ. ಅದು ಅವನ ಹಿಂದೆ ಹೋಯ್ತು. ಮೆಟ್ಟಿಲು ಇಳಿಯೋದು, ಆಟೋ ಬಂದರೆ ಗೋಡೆಗೆ ಸರಿಯೋದು, ಬಿಸಿಲಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗೋದು, ಎಲ್ಲ ಅವನನ್ನು ನೋಡಿ ಕಲಿತದ್ದು. 2025ರ ಆಗಸ್ಟ್ 11ಕ್ಕೆ ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಕೂಡಿಹಾಕಿ ಅಂತ ಸುಪ್ರೀಂ ಕೋರ್ಟು ಹೇಳಿ, ಅದೇ 22ಕ್ಕೆ ಅದನ್ನು ಸಡಿಲಿಸಿತಲ್ಲ, ಆ ಹನ್ನೊಂದು ದಿನ ನಮ್ಮ ಬೀದೀಲೂ ಕರಿಯನ ಮಾತೇ. ಕಡಿಸಿಕೊಂಡ ಮಕ್ಕಳು ಹೆಚ್ಚಾಗಿ ನಮ್ಮಂಥವರ ಕೇರಿಯವೇ, ಅದನ್ನು ಮರೆತು ಮಾತಾಡೋಕಾಗಲ್ಲ. ಆದರೂ ಜಾತಿ ನಾಯಿಗೆ ನಾಯಿತನ ಹೇಳಿಕೊಟ್ಟವನು ಅವನು.

ಸಂಘದ ಗೆಳೆಯರೊಬ್ಬರು ನೇರವಾಗೇ ಕೇಳಿದರು: 'ಕೇರೀಲಿ ಮಗು ಜ್ವರ ಬಂದು ಮಲಗಿದೆ, ನೀವು ನಾಯಿ ಹಲ್ಲು ಕೀಳ್ಸೋಕೆ ದುಡ್ಡು ಹಾಕ್ತೀರಿ?' ನ್ಯಾಯವಾದ ಪ್ರಶ್ನೆಯೇ. ಕೊಳೆತ ಒಂಬತ್ತು ಹಲ್ಲು ಕೀಳಿಸಿದ್ದಕ್ಕೂ ಗರ್ಭಕೋಶ ತೆಗೆಸಿದ್ದಕ್ಕೂ ನಾವು ಎರಡು ತಿಂಗಳು ಚೀಟಿ ಕಟ್ಟಲಿಲ್ಲ. ಆ ಮಗುವಿನ ಆಸ್ಪತ್ರೆಗೂ ಕೊಟ್ಟಿದ್ದೆವು ಅಂತ ಲೆಕ್ಕ ಒಪ್ಪಿಸೋಕೆ ಮನಸ್ಸಾಗಲಿಲ್ಲ. ಅವ್ವನೇ ಹೇಳಿದಳು: 'ಬಾಣಂತೀನ ಬೀದೀಲಿ ಬಿಟ್ಟು ಬರೋ ವಿದ್ಯೆ ನಾನು ಕಲ್ತಿಲ್ಲ ಕಣಪ್ಪ.' ಗೆಳೆಯರು ಒಪ್ಪಿದರು ಅಂತಲ್ಲ. ಈಗ ಬಂದಾಗ ಗಿಡ್ಡಿ ಕಡೆ ನೋಡದೆ, ಬೆನ್ನು ಕೊಟ್ಟು ಕೂರೋದು ಮಾತ್ರ ಕಲಿತಿದ್ದಾರೆ.

ಬಂದು ಹದಿನಾಲ್ಕು ತಿಂಗಳಾಯ್ತು. ಮುಖದ ಮಡಿಕೆಗಳನ್ನು ದಿನಾ ಒದ್ದೆ ಬಟ್ಟೆಯಲ್ಲಿ ಒರೆಸೋಕೆ ಬಿಡುತ್ತೆ. ಬೂಟಿನ ಸದ್ದು ಕೇಳಿದರೆ ಈಗಲೂ ಪೆಟ್ಟಿಗೆಗೇ ಓಟ. ಹೋದ ತಿಂಗಳು ಹಿಂದಿನ ಬೀದಿಯ ಬೆಕ್ಕೊಂದು ಜಗಲಿ ಹತ್ತಿದಾಗ ಒಳಗಿಂದ ಒಂದು ಒಡಕು ಸದ್ದು ಬಂತು. ಅವ್ವ ಅಡಿಗೆಮನೆಯಿಂದ ಓಡಿಬಂದಳು. ಗಿಡ್ಡಿ ಬೊಗಳಿತ್ತು. ತಾನೇ ಬೆಚ್ಚಿ, ಯಾರು ಬೊಗಳಿದ್ದು ಅಂತ ಸುತ್ತ ನೋಡ್ತಿತ್ತು. ಕರಿಯ ಎದ್ದು ಕೂತು ಇನ್ನೆರಡು ಸೇರಿಸಿದ.