ನಾಲ್ಕು ಜನ ಏನಂದಾರು

ನಮ್ಮ ಮನೆಗಳಲ್ಲಿ ಮಕ್ಕಳು ಮಾತು ಕಲಿಯುವ ಮುಂಚೆಯೇ ಕೇಳಿಸಿಕೊಳ್ಳುವ ಮಾತೊಂದಿದೆ: "ನೋಡಿದ ನಾಲ್ಕು ಜನ ಏನಂದಾರು!" ನನಗೆ ಬಹಳ ಕಾಲ ಈ ಮಾತಿನ ಮೇಲೆ ಸಿಟ್ಟಿತ್ತು. ಎಷ್ಟು ಹೆಣ್ಣುಮಕ್ಕಳ ಓದು, ಎಷ್ಟು ಹುಡುಗರ ಹಾಡು ಆ ನಾಲ್ಕು ಜನರ ಹೆಸರಲ್ಲಿ ಅರ್ಧಕ್ಕೇ ನಿಂತಿದೆಯೋ! ಆದರೆ ಅದೇ ನಾಲ್ಕು ಜನರನ್ನು ನೆಚ್ಚಿಕೊಂಡು ಒಬ್ಬ ಮೇಯರ್ ಸುಮಾರು 60 ಲಕ್ಷ ಜನರ ಊರನ್ನು ನಡೆಸಿದ ಕತೆ ತಿಳಿದಾಗಿನಿಂದ ಸಿಟ್ಟು ಸ್ವಲ್ಪ ಇಳಿದಿದೆ.

ಊರು ಕೊಲಂಬಿಯಾದ ರಾಜಧಾನಿ ಬೊಗೋಟಾ. ಮೇಯರ್ ಆಂತಾನಾಸ್ ಮೋಕುಸ್. 1995ರಲ್ಲಿ ಅವರು ಅಧಿಕಾರ ವಹಿಸಿಕೊಂಡಾಗ ಅಲ್ಲಿ ಕೊಲೆ ದಿನದ ಸುದ್ದಿ. ಸಂಚಾರ ಪೊಲೀಸರ ಕೈ ಬಿಸಿ ಮಾಡಿದರೆ ಯಾವ ತಪ್ಪೂ ತಪ್ಪಲ್ಲ. ರಸ್ತೆ ದಾಟುವವರಿಗೆಂದು ಬಳಿದ ಬಿಳಿ ಪಟ್ಟೆಗಳ ಮೇಲೆ ಕಾರುಗಳೇ ನಿಲ್ಲುತ್ತಿದ್ದವು. ದಂಡಂ ದಶಗುಣಂ ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಮೋಕುಸ್ ಮಾತ್ರ ಮೂಕಾಭಿನಯದ ಕಲಾವಿದರನ್ನು ಬೀದಿಗೆ ಕಳಿಸಿದರು. ಮೊದಲು 20 ಮಂದಿ, ಆಮೇಲೆ 400ಕ್ಕೂ ಹೆಚ್ಚು.

ಆ ದೃಶ್ಯವನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ನೋಡಿದ್ದೇನೋ. ಯಾರೋ ಒಬ್ಬ ಪಟ್ಟೆ ಬಿಟ್ಟು ಅಡ್ಡಾದಿಡ್ಡಿ ರಸ್ತೆಗೆ ಇಳಿಯುತ್ತಾನೆ. ಮುಖಕ್ಕೆ ಬಿಳಿ ಬಣ್ಣ ಬಳಿದ ಕಲಾವಿದ ಅವನ ಬೆನ್ನಿಗೇ ಬಂದು, ಅವನ ಅವಸರ, ಅವನ ಕೈಬೀಸು, ಅವನ ಕಳ್ಳನೋಟ ಎಲ್ಲವನ್ನೂ ಹಾಗೇ ಮಾಡಿ ತೋರಿಸುತ್ತಾನೆ. ಬೈಗುಳವಿಲ್ಲ, ರಸೀದಿಯಿಲ್ಲ. ಆಚೀಚೆ ನಿಂತವರು ನಗುತ್ತಾರೆ. ಅವನಿಗೆ ಕೆನ್ನೆ ಬಿಸಿಯಾಗುತ್ತದೆ, ಹೆಜ್ಜೆ ತಾನಾಗಿಯೇ ಪಟ್ಟೆಯ ಕಡೆಗೆ ತಿರುಗುತ್ತದೆ. ದಂಡ ಕಟ್ಟುವುದಕ್ಕಿಂತ ನಗೆಪಾಟಲಾಗುವುದಕ್ಕೆ ತನ್ನ ಜನ ಹೆಚ್ಚು ಅಂಜುತ್ತಾರೆ ಎಂಬುದು ಮೋಕುಸ್ ಕಂಡುಕೊಂಡ ಸತ್ಯ. ಜೊತೆಗೆ ಸುಮಾರು ಮೂರೂವರೆ ಲಕ್ಷ ಕಾರ್ಡುಗಳನ್ನು ಹಂಚಿಸಿದರು: ಒಂದರಲ್ಲಿ ಹೆಬ್ಬೆರಳು ಮೇಲೆ, ಇನ್ನೊಂದರಲ್ಲಿ ಕೆಳಗೆ. ಚಾಲಕರು ಒಬ್ಬರಿಗೊಬ್ಬರು ಅದನ್ನೇ ಎತ್ತಿ ತೋರಿಸಬೇಕು. ನಾಲ್ಕು ಜನ ಏನನ್ನುತ್ತಾರೆ ಎಂಬುದಕ್ಕೆ ಕಾರಿನ ಕಿಟಕಿಯಲ್ಲೇ ಉತ್ತರ!

ಇದು ರಾಜಕಾರಣಿಗೆ ಹೊಳೆಯುವ ಉಪಾಯವಲ್ಲ. ಮೋಕುಸ್ ಗಣಿತ, ತತ್ತ್ವಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಲಿಥುವೇನಿಯಾದಿಂದ ವಲಸೆ ಬಂದ ಕುಟುಂಬದಲ್ಲಿ 1952ರಲ್ಲಿ ಹುಟ್ಟಿದವರು; ತಾಯಿ ನಿಯೋಲೆ ಶಿಲ್ಪಿ, ಮಣ್ಣು ಮಿದ್ದು ಆಕಾರ ಕೊಡುವವರು. ಹೇಳುವುದನ್ನು ಕಣ್ಣಿಗೆ ಕಟ್ಟುವಂತೆ ಮಾಡುವ ಗುಣ ಆ ಮನೆಯದೇ ಎಂದು ನನ್ನ ನಂಬಿಕೆ. 1993ರಲ್ಲಿ ಅವರು ರಾಷ್ಟ್ರೀಯ ವಿಶ್ವವಿದ್ಯಾಲಯದ ಮುಖ್ಯಸ್ಥರು. ಗದ್ದಲ ಮಾಡುತ್ತಿದ್ದ ವಿದ್ಯಾರ್ಥಿಗಳು ಮಾತಾಡಲು ಬಿಡದಿದ್ದಾಗ ಬೆನ್ನು ತಿರುಗಿಸಿ ಪ್ಯಾಂಟು ಇಳಿಸಿಬಿಟ್ಟರು. ಹುದ್ದೆ ಹೋಯಿತು. ಅದನ್ನು ನಾನು ಸರಿ ಎನ್ನಲಾರೆ. ಆದರೆ ಮುಚ್ಚುಮರೆಯಿಲ್ಲದ ಮನುಷ್ಯ ಎಂದು ಊರೆಲ್ಲ ಹೆಸರಾಯಿತು. ಪಕ್ಷದ ಬೆಂಬಲವಿಲ್ಲದೆ 1994ರ ಚುನಾವಣೆ ಗೆದ್ದರು.

1997ರಲ್ಲಿ ಊರಿಗೆ ನೀರು ತರುವ ಸುರಂಗ ಕುಸಿಯಿತು. ನೀರು ಉಳಿಸಿ ಎಂದು ಹೇಳಿದ್ದೇ ತಡ, ಜನ ಕೊಡ, ಡ್ರಮ್ಮು ತುಂಬಿಸಿಡತೊಡಗಿದರು. ಖರ್ಚು ಇಳಿಯುವ ಬದಲು ಏರಿತು. ಆಗ ಮೇಯರ್ ಟಿ.ವಿ.ಯಲ್ಲಿ ಸ್ನಾನ ಮಾಡುತ್ತ ಕಾಣಿಸಿಕೊಂಡರು. ಮೈಗೆ ಸೋಪು ಹಚ್ಚುವಾಗ ನಲ್ಲಿ ನಿಲ್ಲಿಸಿ, "ನೀವೂ ಹೀಗೇ ಮಾಡಿ" ಎಂದು ಕೇಳಿಕೊಂಡರು. ಮನೆಮನೆಯಲ್ಲಿ ನಲ್ಲಿ ನಿಂತಿತು. ತಾನು ಮಾಡಿ ತೋರಿಸಿದ್ದನ್ನಷ್ಟೇ ಕೇಳಿದರೆ ಜನ ಇಲ್ಲವೆನ್ನುವುದಿಲ್ಲ. ಮುಂದೊಮ್ಮೆ, ಕೈಲಾದವರು ತೆರಿಗೆಯನ್ನು ಶೇಕಡಾ 10ರಷ್ಟು ಹೆಚ್ಚಿಗೆ ಕಟ್ಟಿ ಎಂದಾಗ 63,000 ಮಂದಿ ಕಟ್ಟಿದರು.

ಎಲ್ಲ ಹಿರಿಮೆಯನ್ನೂ ಅವರೊಬ್ಬರ ತಲೆಗೆ ಕಟ್ಟುವುದು ಸಲ್ಲದು. ಅವರಿಗಿಂತ ಮೊದಲು ಮೇಯರ್ ಆಗಿದ್ದ ಹೈಮೆ ಕಾಸ್ತ್ರೋ ಖಜಾನೆಯನ್ನು ಸರಿಮಾಡಿಟ್ಟಿದ್ದರು. ಅವರ ಎರಡು ಅವಧಿಗಳ ನಡುವೆ ಮೇಯರ್ ಆಗಿ ಬಂದ ಎನ್ರಿಕೆ ಪೆನ್ಯಲೋಸಾ ಬಸ್ಸಿಗೆಂದೇ ದಾರಿ ಮಾಡಿದರು. ಆದರೂ ಹತ್ತು ವರ್ಷದಲ್ಲಿ ಕೊಲೆ ಲಕ್ಷಕ್ಕೆ ಸುಮಾರು 80ರಿಂದ 23ರ ಆಸುಪಾಸಿಗೆ ಇಳಿಯಿತು ಎಂದರೆ, ಅಷ್ಟು ತಾಯಂದಿರ ಮಕ್ಕಳು ರಾತ್ರಿ ಮನೆಗೆ ಬಂದರು ಎಂದೇ ಅರ್ಥ.

ನನಗೆ ಬೇಸರ ತರಿಸಿದ ಸಂಗತಿಯೂ ಇದೆ. ಮೊದಲ ಅವಧಿ ಮುಗಿಯುವ ಮುಂಚೆಯೇ, ರಾಷ್ಟ್ರಾಧ್ಯಕ್ಷರ ಚುನಾವಣೆಗೆಂದು, ಅವರು ಮೇಯರ್ ಹುದ್ದೆ ಬಿಟ್ಟರು. ಜನ ನೊಂದುಕೊಂಡರು. 2000ದಲ್ಲಿ ಮತ್ತೆ ಮೇಯರ್ ಸ್ಥಾನಕ್ಕೆ ನಿಂತಾಗ ಮೋಕುಸ್ ಎಲ್ಲರ ಕಣ್ಣೆದುರು ಕಾರಂಜಿಯ ನೀರಿಗಿಳಿದು, ತಪ್ಪಾಯಿತು ಎಂದು ಕ್ಷಮೆ ಕೇಳಿದರು. ನಾಲ್ಕು ಜನರ ಮಾತಿಗೆ ತಾನೂ ತಲೆಬಾಗಬೇಕೆಂದು ಅವರಿಗೆ ಗೊತ್ತಿತ್ತು. ಜನ ಗೆಲ್ಲಿಸಿದರು.

ಈ ಎರಡನೆಯ ಅವಧಿಯಲ್ಲೇ, 2001ರ ಮಾರ್ಚ್ 9ರ ರಾತ್ರಿ, ಗಂಡಸರು ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳಿ ಎಂದು ಅವರು ಕೋರಿದ್ದು. ಸುಮಾರು ಏಳು ಲಕ್ಷ ಹೆಂಗಸರು ಬೀದಿಗೆ ಬಂದರು. ಕಾವಲಿಗೂ ಮಹಿಳಾ ಪೊಲೀಸರೇ. ಆ ಒಂದು ರಾತ್ರಿ "ನಾಲ್ಕು ಜನ" ಎಂದರೆ ಹೆಂಗಸರೇ.

ಬಂಡುಕೋರರ ಬೆದರಿಕೆ ಬಂದಾಗ ಅವರು ಗುಂಡು ತಡೆಯುವ ಕವಚ ತೊಡಬೇಕಾಯಿತು. ತೊಟ್ಟರು. ಆದರೆ ಎದೆಯ ಎಡಕ್ಕೆ, ಸರಿಯಾಗಿ ಗುಂಡಿಗೆಯ ಮೇಲೆ, ಹೃದಯದ ಆಕಾರದಲ್ಲಿ ಬಟ್ಟೆ ಕತ್ತರಿಸಿ ತೆಗೆದಿದ್ದರು. ಒಂಬತ್ತು ತಿಂಗಳು ಆ ತೂತಿನ ಕವಚದಲ್ಲೇ ಊರೆಲ್ಲ ಓಡಾಡಿದರು.